ಆತ್ಮಕಥೆಯ ಆಚೆಯ ನಟಿ: ಲಿವಿಂಗ್ ಸ್ಮೈಲ್ ವಿದ್ಯಾ ಅವರ ರಂಗಬದುಕು ಮತ್ತು ಕನ್ನಡದ ಗ್ರಹಿಕೆ

ಕನ್ನಡದ ಓದುಗರಿಗೆ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಹೆಸರು ಅಪರಿಚಿತವಲ್ಲ. ತಮಿಳಿನ ಈ ಲೇಖಕಿಯ ಆತ್ಮಕಥೆ ತಮಿಳ್ ಸೆಲ್ವಿ ಅವರ ಅನುವಾದದ ಮೂಲಕ 'ನಾನು ಅವನಲ್ಲ... ಅವಳು' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಿತು. ಅದನ್ನು ಆಧರಿಸಿ ಬಿ.ಎಸ್. ಲಿಂಗದೇವರು ಅವರು ನಿರ್ದೇಶಿಸಿದ ಅದೇ ಹೆಸರಿನ ಚಲನಚಿತ್ರ 62ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಎರಡು ಪ್ರಶಸ್ತಿಗಳನ್ನು ಪಡೆದು, 2015ರ ಸೆಪ್ಟೆಂಬರ್‌ನಲ್ಲಿ ತೆರೆ ಕಂಡಿತು. ಲಿಂಗತ್ವ ಅಲ್ಪಸಂಖ್ಯಾತರ ಬದುಕನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆಯಲ್ಲಿ ಈ ಕೃತಿ ಮತ್ತು ಈ ಚಿತ್ರ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತವೆ. ಆದರೆ ಹೀಗೆ ಪರಿಚಿತರಾಗಿರುವ ವಿದ್ಯಾ ಯಾರು ಎಂಬ ಪ್ರಶ್ನೆಯನ್ನು ಕೇಳಿಕೊಂಡರೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: ನೋವುಂಡ ಜೀವ, ಭಿಕ್ಷೆ ಬೇಡಿದ ಪದವೀಧರೆ, ಶಸ್ತ್ರಚಿಕಿತ್ಸೆಯ ಯಾತನೆಯನ್ನು ದಾಟಿ ಬಂದ ಹೆಣ್ಣು. ಈ ಉತ್ತರ ಸುಳ್ಳಲ್ಲ, ಅಪೂರ್ಣ. ವಿದ್ಯಾ ವೃತ್ತಿಯಿಂದ ನಟಿ. ಕ್ಲೌನ್ ಕಲೆಯಲ್ಲಿ, ಅಂದರೆ ವಿದೂಷಕಿಯ ಅಭಿನಯದಲ್ಲಿ ತರಬೇತಿ ಪಡೆದವರು. ಪ್ರೇಕ್ಷಕರನ್ನು ನಗಿಸುವುದನ್ನು ತಮ್ಮ ಕಲೆಯ ಭಾಗವನ್ನಾಗಿ ಮಾಡಿಕೊಂಡವರು. ತಾವೇ ಇಟ್ಟುಕೊಂಡ ಹೆಸರಿನಲ್ಲಿ ನಗುವನ್ನು ಹೊತ್ತಿರುವ ಕಲಾವಿದೆಯೊಬ್ಬರು ಕನ್ನಡದಲ್ಲಿ ಕಣ್ಣೀರಿನ ಮೂಲಕವಷ್ಟೇ ಪರಿಚಿತರಾದದ್ದು ಹೇಗೆ ಎಂಬುದನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

ವಿದ್ಯಾ ಜನಿಸಿದ್ದು 1982ರಲ್ಲಿ, ತಮಿಳುನಾಡಿನ ಅರುಂಧತಿಯರ್ ಸಮುದಾಯದ ಕುಟುಂಬದಲ್ಲಿ. ಪೌರಕಾರ್ಮಿಕ ವೃತ್ತಿಯ ತಂದೆಗೆ ತನ್ನ ಗಂಡುಮಗು ಓದಿ ಅಧಿಕಾರಿಯಾಗಬೇಕೆಂಬ ಹಂಬಲ. ಜಾತಿ ಕೊಟ್ಟ ಪೊರಕೆಯನ್ನು ಒಂದೇ ತಲೆಮಾರಿನಲ್ಲಿ ಕೆಳಗಿಡಬೇಕೆಂಬ ಆ ಹಂಬಲದ ಭಾರವೆಲ್ಲ ಮಗುವಿನ ಮೇಲೆ ಬಿದ್ದಿತು. ಆತ್ಮಕಥೆಯಲ್ಲಿ ತಂದೆಯ ಹೊಡೆತಗಳ ವಿವರಗಳಿವೆ. ಅವುಗಳನ್ನು ಕೇವಲ ಲಿಂಗತ್ವದ ಕಾರಣಕ್ಕೆ ಬಿದ್ದ ಹೊಡೆತಗಳೆಂದು ಓದುವುದು ತಪ್ಪಾದೀತು. ಅವುಗಳ ಹಿಂದೆ ಜಾತಿಯ ಅವಮಾನದಿಂದ ಪಾರಾಗುವ ಆತುರವೂ ಇದೆ. ತಂಜಾವೂರಿನ ತಮಿಳು ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭಾಷಾವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದ ವಿದ್ಯಾ, ತಮ್ಮ ಹೆಣ್ತನವನ್ನು ಬಾಳುವುದಕ್ಕಾಗಿ ಪುಣೆಗೆ ಹೋಗಿ ಅಲ್ಲಿನ ಹಿಜಡಾ ಸಮುದಾಯವನ್ನು ಸೇರಿದರು, ರೈಲುಗಳಲ್ಲಿ ಭಿಕ್ಷೆ ಬೇಡಿದರು, ಸಮುದಾಯವು 'ನಿರ್ವಾಣ' ಎಂದು ಕರೆಯುವ ಶಸ್ತ್ರಚಿಕಿತ್ಸೆಗೆ ಒಳಗಾದರು. ಬಳಿಕ ತಮಿಳುನಾಡಿಗೆ ಮರಳಿ ಮಧುರೈಯಲ್ಲಿ ನೌಕರಿ ಹಿಡಿದರು. ಕನ್ನಡದ ಓದುಗರಿಗೆ ತಿಳಿದಿರುವ ಕಥೆ ಇಲ್ಲಿಗೆ ಮುಗಿಯುತ್ತದೆ. ನಟಿಯ ಕಥೆ ಇದಕ್ಕೂ ಮೊದಲೇ ಆರಂಭವಾಗಿ ಇದರ ನಂತರವೂ ಮುಂದುವರಿಯುತ್ತದೆ.

ಆತ್ಮಕಥೆಯನ್ನು ನಟಿಯೊಬ್ಬರ ಬರಹವೆಂದು ಓದಲು ತೊಡಗಿದರೆ ಅದರ ಒಳಗೇ ರಂಗಸ್ಥಳಗಳ ಒಂದು ಸರಣಿ ತೆರೆದುಕೊಳ್ಳುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ಮುಚ್ಚಿಕೊಂಡು, ಅಕ್ಕನ ಉಡುಪು ತೊಟ್ಟು, ಹಾಡಿಗೆ ಕುಣಿಯುವ ಬಾಲ್ಯದ ಪ್ರಸಂಗವನ್ನು ನೋಡಬಹುದು. ಪ್ರೇಕ್ಷಕರಿಲ್ಲದಿರುವುದೇ ಆ ಪ್ರದರ್ಶನದ ನಿಬಂಧನೆ. ಬಾಗಿಲು ತೆರೆದೊಡನೆ ಆಟ ನಿಲ್ಲಬೇಕು. ಬಾಗಿಲಿನ ಹೊರಗೆ ಇನ್ನೊಂದು ನಾಟಕ ಕಾದಿರುತ್ತದೆ. ಅದು ಗಂಡುಹುಡುಗನ ಪಾತ್ರ. ದಿನವಿಡೀ ಅಭಿನಯಿಸಬೇಕಾದ, ನಟಿಗೆ ಒಗ್ಗದ ಪಾತ್ರ. ಮುಂದೆ ರೈಲಿನ ಡಬ್ಬಿಯಲ್ಲಿ ಚಪ್ಪಾಳೆ ತಟ್ಟಿ ಕೈಯೊಡ್ಡುವ ಸನ್ನಿವೇಶವೂ ಒಂದು ಪ್ರದರ್ಶನವೇ. ಪ್ರಯಾಣಿಕರ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿರುವ ಹಿಜಡಾಳ ಚಿತ್ರಕ್ಕೆ ತಕ್ಕಂತೆ ಅಲ್ಲಿ ಅಭಿನಯಿಸದಿದ್ದರೆ ಕಾಸು ಹುಟ್ಟುವುದಿಲ್ಲ. ಸ್ನಾತಕೋತ್ತರ ಪದವಿ ಪಡೆದ ವ್ಯಕ್ತಿ ತನ್ನ ಓದನ್ನು ಮರೆಮಾಚಿ ಆ ಪಾತ್ರವನ್ನು ನಿರ್ವಹಿಸಬೇಕಾಗಿ ಬಂದುದರ ಕಹಿ ಆ ಪುಟಗಳಲ್ಲಿದೆ. ಈ ಸರಣಿಯಲ್ಲಿ ವಿದ್ಯಾರ್ಥಿ ದಿನಗಳ ರಂಗಭೂಮಿ ಸಂಪರ್ಕ ಗಾತ್ರದಲ್ಲಿ ಸಣ್ಣದಾದರೂ ಮಹತ್ವದಲ್ಲಿ ದೊಡ್ಡದು. ಪಾತ್ರವೆಂಬುದು ಹೇರಿಕೆಯಾಗದೆ ಆಯ್ಕೆಯಾಗುವ ಏಕೈಕ ಸ್ಥಳ ಅದು.

ಇಲ್ಲಿ ಭಾಷೆಯ ಪ್ರಶ್ನೆಯೊಂದನ್ನು ಎತ್ತಿಕೊಳ್ಳುವುದು ಅಗತ್ಯ. ಮೂಲ ತಮಿಳು ಕೃತಿಯ ಶೀರ್ಷಿಕೆ 'ನಾನ್, ಸರವಣನ್ ವಿದ್ಯಾ'. ತಮಿಳುನಾಡಿನಲ್ಲಿ ತಂದೆಯ ಹೆಸರನ್ನು ಸ್ವಂತ ಹೆಸರಿನ ಹಿಂದೆ ಇಡುವ ಕ್ರಮ ರೂಢಿಯಲ್ಲಿದೆ. ಆ ಕ್ರಮದಲ್ಲಿ ಓದಿದರೆ ಸರವಣನ್ ಎಂಬುದು ವಿದ್ಯಾ ಎಂಬಾಕೆಯ ತಂದೆಯ ಹೆಸರಾಗುತ್ತದೆ. ತನ್ನ ಹಿಂದಿನ ರೂಪವೇ ತನ್ನನ್ನು ಹೆತ್ತಿತು ಎಂಬ ಧ್ವನಿ ಅಲ್ಲಿ ಹೊಮ್ಮುತ್ತದೆ. ಲೇಖಕಿಯ ಉದ್ದೇಶ ಇದೇ ಎಂದು ಹೇಳಲಾಗದಿದ್ದರೂ ಶೀರ್ಷಿಕೆ ಈ ಓದಿಗೆ ಅವಕಾಶ ಕೊಡುತ್ತದೆ. ಅದರಲ್ಲಿ ನಿರಾಕರಣೆಯಿಲ್ಲ, ಎರಡು ಹೆಸರುಗಳು ಅಕ್ಕಪಕ್ಕ ನಿಂತಿವೆ. ಕನ್ನಡದ ಶೀರ್ಷಿಕೆಯಾದರೋ ಹೆಸರುಗಳನ್ನು ಬಿಟ್ಟು ಸರ್ವನಾಮಗಳನ್ನು ಹಿಡಿಯಿತು. 'ಅವನಲ್ಲ' ಎಂಬ ನಿಷೇಧದ ಬಳಿಕವೇ 'ಅವಳು' ಬರುತ್ತಾಳೆ. ನಾಟಕೀಯತೆಯ ದೃಷ್ಟಿಯಿಂದ ಇದು ಪರಿಣಾಮಕಾರಿ ಶೀರ್ಷಿಕೆ, ಜನಮನದಲ್ಲಿ ನಿಂತ ಶೀರ್ಷಿಕೆಯೂ ಹೌದು. ಆದರೆ ಮೂಲದಲ್ಲಿದ್ದ ವ್ಯಕ್ತಿನಾಮ ಇಲ್ಲಿ ವರ್ಗನಾಮವಾಯಿತು. ಒಬ್ಬ ನಿರ್ದಿಷ್ಟ ವ್ಯಕ್ತಿಯ ಬದುಕು ಒಂದು ಸಮುದಾಯದ ಸಮಸ್ಯೆಯ ನಿದರ್ಶನವಾಗಿ ಓದಿಸಿಕೊಳ್ಳಲು ದಾರಿ ಇಲ್ಲಿಂದಲೇ ತೆರೆಯಿತೆನ್ನಬಹುದು.

ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಉತ್ತಮ ಪುರುಷದ ಕ್ರಿಯಾಪದಕ್ಕೆ ಲಿಂಗಭೇದವಿಲ್ಲ. 'ನಾನು ಹೋದೆ' ಎಂಬಲ್ಲಿ ಹೋದದ್ದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಪ್ರಥಮ ಪುರುಷದ ಏಕವಚನಕ್ಕೆ ಬಂದೊಡನೆ 'ಹೋದನು', 'ಹೋದಳು' ಎಂದು ಪ್ರತಿಯೊಂದು ಕ್ರಿಯೆಯಲ್ಲೂ ತೀರ್ಪು ಕೊಡಬೇಕಾಗುತ್ತದೆ. ಸಲುಗೆಯಿಂದ ಮಾತನಾಡಿಸುವಾಗಲೂ 'ಬಾರೋ', 'ಬಾರೇ' ಎಂಬ ಭೇದ ಎದುರಾಗುತ್ತದೆ. ಆದ್ದರಿಂದ ಆತ್ಮಕಥೆಯ 'ನಾನು' ಲಿಂಗತ್ವ ಅಲ್ಪಸಂಖ್ಯಾತ ಲೇಖಕರಿಗೆ ವ್ಯಾಕರಣವೇ ಒದಗಿಸಿದ ಒಂದು ಆಶ್ರಯ. ಉಳಿದವರು ಏನೆಂದು ಕರೆದರೂ 'ನಾನು' ಎಂಬ ಒಂದು ಪದದೊಳಗೆ ಬಾಲ್ಯದಿಂದ ಇಂದಿನವರೆಗಿನ ಬದುಕು ಸೀಳಿಕೊಳ್ಳದೆ ನಿಲ್ಲುತ್ತದೆ. 'ಹುಟ್ಟಿದವಳು', 'ಬೆಳೆದವಳು' ಎಂಬಂತಹ ಕೃದಂತ ರೂಪಗಳಲ್ಲಿ ಮಾತ್ರ ಆ ಆಶ್ರಯಕ್ಕೆ ಬಿರುಕು ಬೀಳುತ್ತದೆ. ಅನುವಾದಕರು ಎಚ್ಚರ ವಹಿಸಬೇಕಾದ ಸ್ಥಾನಗಳು ಅವು. 'ಅವರು' ಎಂಬ ಗೌರವಸೂಚಕ ಬಹುವಚನವೂ ಲಿಂಗವನ್ನು ಹೇಳದೆ ಉಳಿಸುತ್ತದೆ, ಆದರೆ ಅದು ಸಂಶೋಧಕರ ಸರ್ವನಾಮವೇ ಹೊರತು ನೆರೆಮನೆಯವರದಲ್ಲ.

ಚಲನಚಿತ್ರಕ್ಕೆ ಈ ಆಶ್ರಯವಿಲ್ಲ. ಕ್ಯಾಮೆರಾ ಯಾವಾಗಲೂ ಪ್ರಥಮ ಪುರುಷದಲ್ಲಿ ಮಾತನಾಡುತ್ತದೆ; ಅದಕ್ಕೆ ಒಂದು ದೇಹ ಬೇಕು. ಕನ್ನಡದ ಚಿತ್ರದಲ್ಲಿ ಮಾದೇಶ ಎಂಬ ಹುಡುಗ ವಿದ್ಯಾ ಆಗುವ ಪಾತ್ರವನ್ನು ನಿರ್ವಹಿಸಿದವರು ಸಂಚಾರಿ ವಿಜಯ್. ಬೆಂಗಳೂರಿನ 'ಸಂಚಾರಿ' ರಂಗತಂಡದ ಹೆಸರನ್ನು ತಮ್ಮ ಹೆಸರಿಗೆ ಜೋಡಿಸಿಕೊಂಡಿದ್ದ ಈ ಪ್ರತಿಭಾವಂತ ನಟನಿಗೆ ಅದಕ್ಕಾಗಿ ಅತ್ಯುತ್ತಮ ನಟ ಪ್ರಶಸ್ತಿ ದೊರೆಯಿತು. ಚಿತ್ರದ ಪ್ರಸಾಧನಕ್ಕೂ ರಾಷ್ಟ್ರಪ್ರಶಸ್ತಿ ಬಂದಿತು. ಅಬ್ಬರವಿಲ್ಲದ ಆ ಅಭಿನಯ ಕನ್ನಡ ಚಿತ್ರರಂಗದ ಮಟ್ಟಿಗೆ ದೊಡ್ಡ ಸಾಧನೆ. 2021ರ ಜೂನ್‌ನಲ್ಲಿ ಅಪಘಾತದಲ್ಲಿ ಅವರು ಅಕಾಲ ಮರಣಕ್ಕೀಡಾದಾಗ ಜನ ಮೊದಲು ನೆನೆದದ್ದು ಈ ಪಾತ್ರವನ್ನೇ. ಆದರೆ ಪ್ರಶಸ್ತಿಗಳ ಸ್ವರೂಪವೇ ಒಂದು ವಿಮರ್ಶಾತ್ಮಕ ಟಿಪ್ಪಣಿಯಂತಿದೆ: ಒಂದು 'ನಟ'ನಿಗೆ, ಇನ್ನೊಂದು ಬಣ್ಣಗಾರಿಕೆಗೆ. ಹೆಣ್ತನವೆಂಬುದು ವೇಷವಲ್ಲ, ತನ್ನ ಸ್ವರೂಪ ಎಂದು ವಾದಿಸುವ ಆತ್ಮಕಥೆಯೊಂದು ಪುರುಷನಟನ ವೇಷಪರಿವರ್ತನೆಯ ಕೌಶಲವಾಗಿ ಪುರಸ್ಕೃತವಾಯಿತು. ಆ ಬದುಕನ್ನು ಬಾಳಿದವರು ಸ್ವತಃ ನಟಿಯಾಗಿದ್ದರೆಂಬುದು ಈ ವೈರುಧ್ಯವನ್ನು ಇನ್ನಷ್ಟು ತೀಕ್ಷ್ಣಗೊಳಿಸುತ್ತದೆ.

ಇದನ್ನು ಚಿತ್ರತಂಡದ ಮೇಲಿನ ಆರೋಪವೆಂದು ತಿಳಿಯಬೇಕಾಗಿಲ್ಲ. ಕಥಾನಾಯಕಿ ಹುಡುಗನ ರೂಪದಲ್ಲಿಯೂ ಕಾಣಿಸಿಕೊಳ್ಳಬೇಕಾದ ಕಥೆಯದು. ಜೊತೆಗೆ, ಸ್ತ್ರೀಪಾತ್ರಗಳನ್ನು ಪುರುಷರು ಅಭಿನಯಿಸಿ ಮೆಚ್ಚುಗೆ ಗಳಿಸುವ ಪದ್ಧತಿ ಯಕ್ಷಗಾನ, ದೊಡ್ಡಾಟ, ವೃತ್ತಿರಂಗಭೂಮಿಗಳಲ್ಲಿ ನಮಗೆ ಹಳೆಯದು. ತಮಿಳಿನ ಬಾಲಕರ ನಾಟಕ ಕಂಪನಿಗಳದ್ದೂ ಇದೇ ಕಥೆ. ಔವೈಯಾರ್ ಪಾತ್ರದಿಂದಾಗಿ ಟಿ.ಕೆ. ಷಣ್ಮುಗಂ ಅವರಿಗೆ 'ಔವೈ' ಎಂಬ ಬಿರುದೇ ಅಂಟಿಕೊಂಡಿತು. ಆದರೆ ಇತಿಹಾಸದಿಂದ ಇನ್ನೊಂದು ಪಾಠವೂ ದೊರೆಯುತ್ತದೆ. ಸ್ತ್ರೀಯರು ರಂಗದ ಮೇಲೆ ಬರತೊಡಗಿದ ಮೇಲೆ ಸ್ತ್ರೀಪಾತ್ರದ ಅರ್ಥವೇ ಬದಲಾಯಿತು. ಲಿಂಗತ್ವ ಅಲ್ಪಸಂಖ್ಯಾತರ ಪಾತ್ರಗಳ ವಿಷಯದಲ್ಲಿ ಚಿತ್ರರಂಗ ಆ ಘಟ್ಟವನ್ನು ಈಗಷ್ಟೇ ಮುಟ್ಟುತ್ತಿದೆ. ತಮಿಳಿನಲ್ಲಿ 'ನರ್ತಕಿ' (2011) ಚಿತ್ರದಲ್ಲಿ ಕಲ್ಕಿ ಸುಬ್ರಮಣ್ಯಂ, 2019ರಲ್ಲಿ ತೆರೆಕಂಡ 'ಪೇರನ್ಬು' ಚಿತ್ರದಲ್ಲಿ ಅಂಜಲಿ ಅಮೀರ್ ನಟಿಸಿದ್ದು ಇದಕ್ಕೆ ಉದಾಹರಣೆಗಳು.

ಕನ್ನಡ ರಂಗಭೂಮಿಯಂತೂ ಈ ವಿಷಯದಲ್ಲಿ ಚಿತ್ರರಂಗಕ್ಕಿಂತ ಭಿನ್ನವಾದ ದಾರಿಯನ್ನು ತೋರಿಸಿತ್ತು. ಎ. ರೇವತಿ ಅವರ ಆತ್ಮಕಥೆಯನ್ನು ದು. ಸರಸ್ವತಿ ಅವರು 'ಬದುಕು ಬಯಲು' ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ 'ಜನಮನದಾಟ' ತಂಡಕ್ಕಾಗಿ ಎಂ. ಗಣೇಶ್ ಅದನ್ನು ರಂಗಕ್ಕೆ ಅಳವಡಿಸಿದಾಗ ರೇವತಿ ಅವರೇ ವೇದಿಕೆಯ ಮೇಲೆ ಬಂದರು. ತಮಿಳು ಮೂಲದ ಎರಡು ಆತ್ಮಕಥೆಗಳು ಕನ್ನಡಕ್ಕೆ ಬಂದು, ಒಂದು ತೆರೆಯ ಮೇಲೆ, ಇನ್ನೊಂದು ರಂಗದ ಮೇಲೆ ಹೀಗೆ ಎರಡು ಬಗೆಯ ಮರುಹುಟ್ಟು ಪಡೆದುದು ತೌಲನಿಕ ಅಧ್ಯಯನಕ್ಕೆ ಒಳ್ಳೆಯ ವಸ್ತು.

ಆತ್ಮಕಥೆಯ ನಂತರದ ವಿದ್ಯಾ ಅವರ ವೃತ್ತಿಜೀವನದತ್ತ ತಿರುಗಿದರೆ ಚಿತ್ರ ಬೇರೆಯೇ ಆಗುತ್ತದೆ. ಮಿಷ್ಕಿನ್ ಅವರ 'ನಂದಲಾಲಾ' (2010) ಚಿತ್ರದಲ್ಲಿ ಅವರು ಸಹಾಯಕ ನಿರ್ದೇಶಕಿಯಾಗಿ ಕೆಲಸ ಮಾಡಿದರು. ಹಲವು ನಿರ್ದೇಶಕರ ನಾಟಕಗಳಲ್ಲಿ ಅಭಿನಯಿಸಿದರು. 2013ರಲ್ಲಿ ಚಾರ್ಲ್ಸ್ ವ್ಯಾಲೇಸ್ ವಿದ್ಯಾರ್ಥಿವೇತನ ಪಡೆದು ಲಂಡನ್ನಿನಲ್ಲಿ ಆರು ತಿಂಗಳು ರಂಗಶಿಕ್ಷಣ ಪಡೆದರು. ಹಿಂತಿರುಗಿದ ಬಳಿಕ ಏಂಜೆಲ್ ಗ್ಲ್ಯಾಡಿ ಮತ್ತು ಜೀ ಇಮಾನ್ ಸೆಮ್ಮಲರ್ ಅವರೊಡನೆ ಚೆನ್ನೈಯಲ್ಲಿ 'ಪನ್ಮೈ' ಎಂಬ ರಂಗತಂಡವನ್ನು ಕಟ್ಟಿದರು. ಪನ್ಮೈ ಎಂದರೆ ಬಹುತ್ವ. ತಮಿಳುನಾಡಿನಲ್ಲಿ ಅ. ಮಂಗೈ ಅವರಂತಹ ರಂಗಕರ್ಮಿಗಳ ಒಡನಾಟದಲ್ಲಿ ತಿರುನಂಗೈಯರ 'ಕಣ್ಣಾಡಿ ಕಲೈ ಕುಳು' ಮೊದಲೇ ಕೆಲಸ ಮಾಡಿತ್ತು. ಪನ್ಮೈಯ ವೈಶಿಷ್ಟ್ಯವೆಂದರೆ ಬರವಣಿಗೆ, ನಿರ್ದೇಶನ, ಅಭಿನಯ ಮೂರೂ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದರ ಕೈಯಲ್ಲೇ ಇದ್ದುದು. 2014ರ 'ಕಲರ್ ಆಫ್ ಟ್ರಾನ್ಸ್' ಪ್ರಯೋಗದಲ್ಲಿ ಕಲಾವಿದರು ತಮ್ಮ ತಮ್ಮ ಬದುಕಿನ ಪ್ರಸಂಗಗಳನ್ನೇ ಸ್ವಗತಗಳಾಗಿ, ದೃಶ್ಯಗಳಾಗಿ ಹೆಣೆದರು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ಮಾನ್ಯಮಾಡಿದ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದದ್ದೂ ಅದೇ ವರ್ಷದ ಏಪ್ರಿಲ್‌ನಲ್ಲಿ.

ಇಲ್ಲಿ ನಗುವಿನ ಪ್ರಶ್ನೆ ಮುಂದೆ ಬರುತ್ತದೆ. ತಮಿಳು ಸಿನಿಮಾದಲ್ಲಿ ತಿರುನಂಗೈಯರು ಬಹುಕಾಲ ಕಾಣಿಸಿಕೊಂಡದ್ದು ಹಾಸ್ಯದ ಸರಕಾಗಿ: ನಾಯಕನ ಮೈಮೇಲೆ ಬೀಳಲು ಹವಣಿಸುವ, ಅವನ ಸ್ನೇಹಿತನಿಂದ ಗೇಲಿಗೆ ಒಳಗಾಗುವ ಪಾತ್ರಗಳು. ಕನ್ನಡ ಸಿನಿಮಾವೂ ಈ ಚಾಳಿಯಿಂದ ಹೊರತಾಗಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. 2015ರ ಜನವರಿಯಲ್ಲಿ ಬಿಡುಗಡೆಯಾದ ಶಂಕರ್ ಅವರ 'ಐ' ಚಿತ್ರದ ತಿರುನಂಗೈ ಪಾತ್ರವನ್ನು ಅಸಹ್ಯದ, ನಗೆಪಾಟಲಿನ ವಸ್ತುವಾಗಿ ಚಿತ್ರಿಸಿದುದರ ವಿರುದ್ಧ ಚೆನ್ನೈಯಲ್ಲಿ ಪ್ರತಿಭಟನೆಗಳು ನಡೆದಾಗ, ನಿರ್ದೇಶಕರಿಗೆ ಬಹಿರಂಗ ಪತ್ರ ಬರೆದು ಪ್ರಶ್ನಿಸಿದವರಲ್ಲಿ ವಿದ್ಯಾ ಒಬ್ಬರು. ಆ ಪ್ರತಿಭಟನೆಗೆ ನಗುವನ್ನೇ ತನ್ನ ಕಲೆಯಾಗಿಸಿಕೊಂಡ ನಟಿಯ ದನಿಯೂ ಸೇರಿತ್ತು ಎಂಬುದನ್ನು ಗಮನಿಸಬೇಕು. ತಕರಾರಿದ್ದುದು ನಗುವಿನ ಬಗೆಗಲ್ಲ, ಆ ನಗುವಿನ ಒಡೆತನ ಯಾರದೆಂಬ ಬಗೆಗೆ. ಅದೇ ವರ್ಷದ ಮಾರ್ಚ್‌ನಲ್ಲಿ ಕನ್ನಡ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಗಳು ಘೋಷಣೆಯಾದವು. ಎರಡು ತಿಂಗಳ ಅಂತರದಲ್ಲಿ ಒಂದು ಚಿತ್ರರಂಗ ತಿರುನಂಗೈಯನ್ನು ಗೇಲಿಯ ವಸ್ತುವಾಗಿಸಿ ಟೀಕೆಗೆ ಒಳಗಾಯಿತು, ಇನ್ನೊಂದು ಅನುಕಂಪದ ವಸ್ತುವಾಗಿಸಿ ಮನ್ನಣೆ ಪಡೆಯಿತು. ಗೇಲಿಗಿಂತ ಅನುಕಂಪ ಸಾವಿರ ಪಾಲು ಮೇಲು ಎಂಬುದರಲ್ಲಿ ಸಂಶಯವಿಲ್ಲ. ಆದರೂ ಎರಡರಲ್ಲೂ ಆಕೆ ನೋಡಲ್ಪಡುವವಳೇ.

ಕ್ಲೌನ್ ಈ ಸಂಬಂಧವನ್ನು ತಿರುಗಿಸುತ್ತಾನೆ, ಅಥವಾ ತಿರುಗಿಸುತ್ತಾಳೆ. ವಿದೂಷಕನ ಕಲೆಯ ತಿರುಳು ಸೋಲನ್ನು ಮುಚ್ಚಿಡದೆ ತಾನೇ ಮುಂದಿಡುವುದು. ತನ್ನ ಎಡವುವಿಕೆಯನ್ನು ಇತರರು ಕಂಡು ನಗುವ ಮೊದಲೇ ತಾನೇ ಎಡವಿ ತೋರಿಸುವವನು, ಎಲ್ಲಿ, ಎಷ್ಟು, ಯಾವಾಗ ನಗಬೇಕೆಂಬುದನ್ನು ತಾನೇ ನಿರ್ಧರಿಸುತ್ತಾನೆ. ನಗುತ್ತಿರುವ ಪ್ರೇಕ್ಷಕನನ್ನು ಥಟ್ಟನೆ ನಿಲ್ಲಿಸುವ ಅಧಿಕಾರವೂ ಅವನದೇ. ನಮ್ಮ ಜಾನಪದ ರಂಗಭೂಮಿಗೆ ಈ ತಿಳಿವಳಿಕೆ ಹೊಸದಲ್ಲ. ಯಕ್ಷಗಾನದ ಹಾಸ್ಯಗಾರ, ದೊಡ್ಡಾಟದ ಸಾರಥಿ, ತಮಿಳು ತೆರುಕ್ಕೂತ್ತಿನ ಕಟ್ಟಿಯಕ್ಕಾರನ್ ಇವರೆಲ್ಲರಿಗೂ ರಾಜನನ್ನು ಕೆಣಕುವ ಸಲುಗೆಯಿದೆ. ವೃತ್ತಿರಂಗಭೂಮಿಯಲ್ಲಿ ಗುಬ್ಬಿ ವೀರಣ್ಣನವರು ಕಂಪನಿಯ ಮಾಲೀಕರಾಗಿಯೂ ಹಾಸ್ಯಪಾತ್ರಗಳನ್ನೇ ತಮ್ಮದಾಗಿಸಿಕೊಂಡರು. ಮಾಸ್ಟರ್ ಹಿರಣ್ಣಯ್ಯನವರ ಹಾಸ್ಯಕ್ಕೆ ಅಧಿಕಾರಸ್ಥರು ಅಂಜುತ್ತಿದ್ದರು. ಹಾಸ್ಯನಟನನ್ನು ಗಂಭೀರವಾಗಿ ಪರಿಗಣಿಸುವ ಪರಿಭಾಷೆ ಕನ್ನಡ ರಂಗವಿಮರ್ಶೆಯಲ್ಲಿ ಇದೆ ಎಂಬುದು ಇದರ ತಾತ್ಪರ್ಯ. ವಿದ್ಯಾ ಈ ದೇಸಿ ಪರಂಪರೆಗಳಿಂದ ನೇರವಾಗಿ ಪಡೆದರೆಂದು ಹೇಳಲು ಬಾರದು. ಆದರೆ ಅವರ ಕಲೆಯನ್ನು ಅಳೆಯಲು ಬೇಕಾದ ಅಳತೆಗೋಲು ನಮ್ಮಲ್ಲಿದ್ದೂ ಅದನ್ನು ಬಳಸದೆ, ಸಮಾಜಶಾಸ್ತ್ರದ ಅಳತೆಗೋಲೊಂದನ್ನೇ ಬಳಸಿದ್ದೇವೆ.

ಜಾತಿಯ ಪ್ರಶ್ನೆಯನ್ನು ಇದರಿಂದ ಬೇರ್ಪಡಿಸಲಾಗದು. ಲಿಂಗತ್ವದ ಕಾರಣಕ್ಕೆ ಎದುರಾಗುವ ತಿರಸ್ಕಾರಕ್ಕೂ ಅಸ್ಪೃಶ್ಯತೆಗೂ ಇರುವ ಸಾದೃಶ್ಯವನ್ನು ವಿದ್ಯಾ ತಮ್ಮ ಸಂದರ್ಶನಗಳಲ್ಲಿ ಸ್ಪಷ್ಟವಾಗಿ ಎತ್ತಿ ತೋರಿಸಿದ್ದಾರೆ; 2013ರ ಒಂದು ಸುದೀರ್ಘ ಸಂದರ್ಶನ ಇದನ್ನೇ ಕೇಂದ್ರದಲ್ಲಿರಿಸಿಕೊಂಡಿದೆ. ರೈಲಿನಲ್ಲಿ ಪಕ್ಕದ ಆಸನ ಖಾಲಿಯಾಗುವುದು, ಬಾಡಿಗೆಗೆ ಮನೆ ಸಿಗದಿರುವುದು, ಹುಟ್ಟಿನಿಂದಲೇ ಒಂದು ಕಸುಬಿಗೆ ಕಟ್ಟಿಹಾಕಲ್ಪಡುವುದು ಎರಡೂ ಕಡೆ ಒಂದೇ ರೀತಿಯಲ್ಲಿ ನಡೆಯುತ್ತವೆ. ದಲಿತ ಆತ್ಮಕಥೆಗಳ ಅಧ್ಯಯನ ಕನ್ನಡದಲ್ಲಿ ಸಮೃದ್ಧವಾಗಿದ್ದರೂ ವಿದ್ಯಾ ಅವರ ಕೃತಿಯನ್ನು ಆ ಸಾಲಿನಲ್ಲಿಟ್ಟು ಓದುವ ಅಗತ್ಯ ಉಳಿದೇ ಇದೆ. ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಅವಮಾನವನ್ನು ಹಾಸ್ಯದ ಮೂಲಕ ದಾಟುವ ಕ್ರಮವನ್ನು ನಮ್ಮ ವಿಮರ್ಶೆ ವಿವರವಾಗಿ ಗುರುತಿಸಿದೆ. ಆ ಗುರುತಿಸುವಿಕೆಯನ್ನು ಇನ್ನೊಂದು ಹೆಜ್ಜೆ ಮುಂದೊಯ್ದರೆ ವಿದ್ಯಾ ಅವರ ರಂಗಾಭಿನಯದ ಬಾಗಿಲಿಗೆ ತಲುಪಬಹುದು.

ಮುಂದೆ ವಿದ್ಯಾ ಸ್ವಿಟ್ಜರ್ಲೆಂಡಿಗೆ ತೆರಳಿ ಅಲ್ಲಿ ರಂಗಕೆಲಸವನ್ನು ಮುಂದುವರಿಸಿದರು. ಭಾಷೆ ಬೇರೆ, ಪ್ರೇಕ್ಷಕರು ಬೇರೆ. ಮಾತಿಗಿಂತ ಮೈಯನ್ನು ನೆಚ್ಚುವ ಕ್ಲೌನ್ ಕಲೆಗೆ ಭಾಷೆಯ ಗಡಿ ಅಷ್ಟು ದೊಡ್ಡದಲ್ಲ ಎಂಬುದು ಇಲ್ಲಿ ನೆನಪಿಗೆ ಬರುತ್ತದೆ. ಸ್ವಿಸ್ ಕಲಾವಿದರಾದ ಕ್ರಿಸ್ ಲೋಯೆನ್‌ಬರ್ಗರ್ ಮತ್ತು ಮಾರ್ಸೆಲ್ ಶ್ವಾಲ್ಡ್ ಅವರು ಹೆಣ್ತನವನ್ನೇ ವಸ್ತುವಾಗಿಸಿಕೊಂಡು ಕಟ್ಟಿದ 'ಎಫ್ ಫೆಮಿನಿನಿಟಿ' ಎಂಬ ನೃತ್ಯ-ನಾಟಕ ಪ್ರಯೋಗದಲ್ಲಿ ವಿದ್ಯಾ ಅವರೊಡನೆ ಬೆಂಗಳೂರಿನ ದಿಯಾ ನಾಯ್ಡು ಮತ್ತು ಶಿಲೋಕ್ ಮುಕ್ಕಾಟಿ ಪಾಲ್ಗೊಂಡರು. ಆತ್ಮಕಥೆಯ ಅನುವಾದ ಮತ್ತು ಚಲನಚಿತ್ರಗಳ ಬಳಿಕ ಕರ್ನಾಟಕದೊಡನೆ ವಿದ್ಯಾ ಅವರಿಗೆ ಒದಗಿದ ಮೂರನೆಯ ಸಂಬಂಧ ಇದು. ಮೊದಲ ಎರಡರಲ್ಲಿ ಅವರ ಬದುಕು ಇತರರ ಮಾತಿನಲ್ಲಿ, ಇತರರ ದೇಹದಲ್ಲಿ ಕನ್ನಡಿಗರ ಎದುರು ಬಂದಿತ್ತು. ಈ ಮೂರನೆಯದರಲ್ಲಿ ಅವರು ಸಹಕಲಾವಿದೆಯಾಗಿ, ತಮ್ಮದೇ ದೇಹದೊಡನೆ, ಉತ್ತಮ ಪುರುಷದಲ್ಲಿ ನಿಂತಿದ್ದಾರೆ.